ಬಿಗಿಯ ಹದ

ಬೇಸಿಗೆ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಮಾನ್ವಿಯಲ್ಲಿ ಸಿಂಧನೂರು ರಸ್ತೆಯ ಬದಿಗೆ ನಿಂತರೆ ಟ್ರ್ಯಾಕ್ಟರುಗಳ ಮೆರವಣಿಗೆಯೇ ಕಾಣುತ್ತದೆ. ಪ್ರತಿಯೊಂದರ ನೆತ್ತಿಗೂ ಒಂದು ಫೈಬರ್ ಟಾಪು: ಕೆಂಪು, ನೀಲಿ, ಹಸಿರು, ಎಂಜಿನ್ನಿನ ಬಣ್ಣಕ್ಕೆ ಒಪ್ಪುವಂಥದು. ಮುಂದಿನ ಅಂಚಿಗೆ ಮನೆದೇವರ ಹೆಸರು, ಹಿಂದಿನ ಅಂಚಿಗೆ ಮಕ್ಕಳ ಹೆಸರು. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ಡ್ರೈವರನ ತಲೆಗೆ ಸಿಗುವ ನೆರಳು ಅಷ್ಟೇ. ನಾಲ್ಕು ಕಬ್ಬಿಣದ ಪೈಪು, ಅವುಗಳ ಮೇಲೊಂದು ಚೌಕಟ್ಟು, ಚೌಕಟ್ಟಿಗೆ ಟಾಪನ್ನು ಹಿಡಿದಿಡುವ ಆರೆಂಟು ಬೋಲ್ಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಯಿಂದ ಮೇಲೆದ್ದು, ಬದು ಹತ್ತಿ ಇಳಿದು, ದಂಡೆಯ ಕಲ್ಲುದಾರಿಯಲ್ಲಿ ಕುಣಿಯುತ್ತ ಡಾಂಬರಿಗೆ ಬರುವಷ್ಟರಲ್ಲಿ ಆ ಬೋಲ್ಟುಗಳಿಗೆ ಬೀಳುವ ಹೊಡೆತಕ್ಕೆ ಲೆಕ್ಕವಿಲ್ಲ. ಟಾಪು ಮೇಲಕ್ಕೆ ಹಾರಲು ನೋಡುತ್ತದೆ, ಹಿಂದಕ್ಕೆ ಜಗ್ಗುತ್ತದೆ, ಪಕ್ಕಕ್ಕೆ ಓಲುತ್ತದೆ.

ರಸ್ತೆ ಬದಿಯ ಮೆಕ್ಯಾನಿಕ್ ಅಂಗಡಿಯೊಂದರ ಮುಂದೆ ಬೇವಿನ ನೆರಳಲ್ಲಿ ಅಂಥದೊಂದು ಟಾಪು ಬೋರಲು ಬಿದ್ದಿದೆ. ಅದರ ಮೂಲೆಯ ತೂತನ್ನು ಹತ್ತಿರದಿಂದ ನೋಡಬೇಕು. ಹುಟ್ಟಿದಾಗ ಅದು ದುಂಡಗಿತ್ತು; ಈಗ ಹುಣಸೆ ಬೀಜದಷ್ಟು ಉದ್ದವಾಗಿದೆ. ತೂತಿನ ಸುತ್ತ ಒಂದು ರೂಪಾಯಿ ನಾಣ್ಯದಗಲ ಬಣ್ಣ ಸತ್ತು ಬೆಳ್ಳಗಾಗಿದೆ. ಆ ಬಿಳುಪಿನ ನಡುವೆ ಕೂದಲಿಗಿಂತ ಸಣ್ಣ ಗಾಜಿನ ಎಳೆಗಳು ಎದ್ದು ನಿಂತಿವೆ. ಬೆರಳಾಡಿಸಿದರೆ ಚುಚ್ಚಿ ಸಂಜೆವರೆಗೆ ನವೆ. ತೂತಿನಿಂದ ಅಂಚಿನತ್ತ ಒಂದು ಸೀಳು ಹೊರಟಿದೆ, ಪೂರಾ ಮುಟ್ಟಿಲ್ಲ. ಹೊರಗಣ ಮೈಯಲ್ಲಿ ನಟ್ಟು ಕೂತಿದ್ದ ಜಾಗ ಆರು ಮೂಲೆಯ ಗುಂಡಿಯಾಗಿ ತಗ್ಗಿದೆ.

"ಕಾಕಾ, ತೂತು ದೊಡ್ಡದಾಗೈತಿ. ಹತ್ತರ ಬೋಲ್ಟ್ ಹಾಕ್ಲೇನು?" ಅಂತ ಮೆಕ್ಯಾನಿಕ್ ಹುಡುಗ ಕೇಳುತ್ತಾನೆ.

"ಹಾಕು ತಮ್ಮಾ. ಗಟ್ಟಿ ತಿರುವು, ಮತ್ತ ಸಡ್ಲಾಗಬಾರದು."

ಹುಡುಗ ಪಾನಾಕ್ಕೆ ಒಂದು ಪೈಪಿನ ತುಂಡು ಸಿಕ್ಕಿಸಿ ಒರಗುತ್ತಾನೆ. ನಟ್ಟಿನ ಕೆಳಗಿಂದ ಕರ್ರ್ ಎಂಬ ಸದ್ದು ಬರುತ್ತದೆ. ಅವನಿಗೂ ಕಾಕಾಗೂ ಆ ಸದ್ದು ಕೆಲಸ ಪಕ್ಕಾ ಆಯಿತು ಎಂಬುದರ ಗುರುತು. ನಿಜಕ್ಕೂ ಅದು ಎಳೆಗಳ ನಡುವಿನ ಅಂಟು ಪುಡಿಯಾಗುವ ಸದ್ದು.

ಹುಡುಗ ಕೆಲಸಗಳ್ಳನಲ್ಲ. ಕಬ್ಬಿಣದ ಮೇಲೆ ಕಲಿತ ಕೈ ಅದು. ಗೊಬ್ಬರದ ಟ್ರೇಲರಿಗೆ, ಕೇಜ್ ವೀಲಿಗೆ, ಕಲ್ಟಿವೇಟರಿಗೆ ಬೋಲ್ಟು ಬಿಗಿದು ಪಳಗಿದ ಕೈ. ಕಬ್ಬಿಣದ ಸ್ವಭಾವ ಉದಾರವಾದದ್ದು: ತೂತು ತುಸು ದೊಡ್ಡದಾದರೂ, ನಾಲ್ಕರಲ್ಲಿ ಒಂದು ಬೋಲ್ಟಿಗೆ ಹೆಚ್ಚು ಭಾರ ಬಿದ್ದರೂ, ತೂತಿನ ಅಂಚು ಸ್ವಲ್ಪ ಬಾಗಿ ಜಗ್ಗಿ ಉಳಿದ ಮೂರಕ್ಕೂ ಭಾರವನ್ನು ದಾಟಿಸುತ್ತದೆ. ಗಾಜಿನ ಎಳೆ ಬಾಗಿ ಜಗ್ಗುವ ಜಾತಿಯದಲ್ಲ. ತಡೆಯುವಷ್ಟು ತಡೆದು, ತಡೆಯಲಾರದ ಗಳಿಗೆಯಲ್ಲಿ ಮುರಿಯುತ್ತದೆ. ಇದೊಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಫೈಬರಿನ ಬೋಲ್ಟುಗಾರಿಕೆಯ ಮುಕ್ಕಾಲು ಪಾಲು ತಿಳಿದಂತೆ.

ಟ್ರ್ಯಾಕ್ಟರ್ ಟಾಪು, ನೀರಿನ ಟ್ಯಾಂಕು, ಬಚ್ಚಲುಮನೆ ಬಾಗಿಲು, ದೋಣಿ ಇವೆಲ್ಲವನ್ನೂ ನಾವು ಒಟ್ಟಾಗಿ ಫೈಬರ್ ಎನ್ನುತ್ತೇವೆ. ಗಾಜಿನ ಎಳೆಗಳ ಚಾಪೆಯನ್ನು ಅಚ್ಚಿನಲ್ಲಿ ಹಾಸಿ, ಪಾಲಿಯೆಸ್ಟರ್ ರಾಳ ಸವರಿ, ಒಂದರ ಮೇಲೊಂದು ಪದರ ಕೂರಿಸಿ ಒಣಗಿಸಿದ ವಸ್ತು. ವಿಮಾನದಲ್ಲಿ ಗಾಜಿನ ಬದಲು ಇಂಗಾಲದ ಎಳೆ, ಪಾಲಿಯೆಸ್ಟರಿನ ಬದಲು ಎಪಾಕ್ಸಿ. ಎರಡಕ್ಕೂ ಹೆಸರು ಕಾಂಪೋಸಿಟ್. ಭಾರ ಹೊರುವುದು ಎಳೆ; ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವುದು ರಾಳ. ಹಾಸಿದ ದಿಕ್ಕಿನಲ್ಲಿ ಜಗ್ಗಿದರೆ ಅದರ ಬಲ ದೊಡ್ಡದು, ಪದರಗಳನ್ನು ಅಡ್ಡಲಾಗಿ ಒತ್ತಿದರೆ ಅಥವಾ ಎಬ್ಬಿದರೆ ರಾಳದ ಬಲವಷ್ಟೇ ಗತಿ. ಅದರಲ್ಲಿ ತೂತು ಕೊರೆಯುವುದೆಂದರೆ ಭಾರ ಹರಿಯುವ ದಾರಿಯನ್ನೇ ಕಡಿಯುವುದು. ಕೌದಿಯ ನಡುವೆ ಕತ್ತರಿ ಆಡಿಸಿದಂತೆ. ಕಡಿದ ಎಳೆ ಹೊರಬೇಕಿದ್ದ ಭಾರ ತೂತಿನ ಅಂಚಿನ ಎಳೆಗಳ ಮೇಲೆ ಬಂದು ಕೂರುತ್ತದೆ.

ಹೀಗೆ ಕೂತ ಭಾರ ಮೂರು ನಾಲ್ಕು ಬಗೆಯಲ್ಲಿ ದಾರಿ ಮಾಡಿಕೊಳ್ಳುತ್ತದೆ. ಪಟ್ಟಿ ಕಿರಿದಾಗಿದ್ದರೆ ತೂತಿನ ಎಡಬಲಕ್ಕೆ ಅಡ್ಡಲಾಗಿ ಹರಿದು ಎರಡಾಗುತ್ತದೆ. ತೂತು ಅಂಚಿಗೆ ಹತ್ತಿರವಿದ್ದರೆ ಬೋಲ್ಟು ತನ್ನ ಮುಂದಿನ ತುಂಡನ್ನು ಹೊರದೂಡಿ ಆಚೆ ಬರುತ್ತದೆ. ಮಾನ್ವಿಯ ಟಾಪಿನಲ್ಲಿ ಶುರುವಾಗಿದ್ದದ್ದು ಇದೇ. ಹಾಳೆ ತೆಳುವಾಗಿದ್ದು ವಾಷರ್ ಸಣ್ಣದಾಗಿದ್ದರೆ ಬೋಲ್ಟಿನ ತಲೆಯೇ ತೂತಿನೊಳಗೆ ನುಸುಳಿ ಬರುತ್ತದೆ. ಇವೆಲ್ಲ ಒಮ್ಮೆಲೇ ಬರುವ ಸಾವು. ನಾಲ್ಕನೆಯದು, ಬೋಲ್ಟು ಒರಗಿದ ಕಡೆ ಅಂಚು ನಿಧಾನ ನುರಿದು ತೂತು ಉದ್ದವಾಗುವುದು. ಕಾಂಪೋಸಿಟ್ ಜೋಡಣೆಯ ಲೆಕ್ಕ ಹಾಕುವವರು ಸೋಲಲೇಬೇಕಾದರೆ ಹೀಗೆ ಸೋಲಲಿ ಎಂದು ಬಯಸುತ್ತಾರೆ. ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ರಿಪೇರಿಗೆ ಹೊತ್ತು ಕೊಡುತ್ತದೆ. ಅದಕ್ಕಾಗಿಯೇ ತೂತಿನ ನಡುವಿನಿಂದ ಅಂಚಿಗೆ ಬೋಲ್ಟಿನ ದಪ್ಪದ ಮೂರು ಪಟ್ಟಾದರೂ ಜಾಗ ಬಿಡಬೇಕು ಎಂಬ ರೂಢಿ ಬಂದಿದೆ. ಎಂಟು ಮಿಲಿಮೀಟರಿನ ಬೋಲ್ಟಿಗೆ 24 ಮಿಲಿಮೀಟರ್. ನಾನು ನೋಡಿದ ಟಾಪಿನಲ್ಲಿ ಅದರ ಅರ್ಧವೂ ಇರಲಿಲ್ಲ.

ದೇವದುರ್ಗದ ಬಡಿಗೇರ ಮನೆಯಂಗಳದಲ್ಲಿ ಈ ರೂಢಿಯನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಕರಿಜಾಲಿಯ ದಿಮ್ಮಿಗಳು ಗೋಡೆಗೆ ಒರಗಿ ಒಣಗುತ್ತಿವೆ. ಉಳಿಯ ಸಿಬರು, ಕಟ್ಟಿಗೆಯ ಹಸಿ ವಾಸನೆ, ಮೂಲೆಯಲ್ಲಿ ಮುರಿದ ಕೂರಿಗೆ. ಬಂಡಿಯ ಮೂಕಿಗೆ ಕಬ್ಬಿಣದ ಪಟ್ಟಿ ಕೂರಿಸಿ ಬೋಲ್ಟು ಹಾಕುವ ಕೆಲಸ ನಡೆದಿದೆ. ಎಪ್ಪತ್ತು ದಾಟಿದ ಹಿರಿಯರು ಮೂಕಿಯ ತುದಿಯಿಂದ ನಾಲ್ಕು ಬೆರಳು ಅಡ್ಡ ಇಟ್ಟು, ಬೆರಳಿನಾಚೆ ಸೀಸದಕಡ್ಡಿಯ ಗುರುತು ಹಾಕುತ್ತಾರೆ.

"ತುದಿಗೆ ಯಾಕ ಹಾಕಬಾರದು ಮಾಮಾ?"

"ಕಟಗಿ ಅಂದ್ರ ನಾರು ನೋಡ್ರಿ. ತುದಿಗೆ ತೂತು ಬಿತ್ತಂದ್ರ ನಾರು ಹಿಡಕೊಂಡು ಸೀಳ್ತದ. ಎತ್ತು ಒಮ್ಮಿ ಜಗ್ಗಿದ್ರ ಮುಗೀತು."

ನಾಲ್ಕು ಬೆರಳೆಂದರೆ ಸುಮಾರು ಏಳು ಸೆಂಟಿಮೀಟರ್. ಅವರು ಹಾಕುತ್ತಿದ್ದದ್ದು ಅರ್ಧ ಇಂಚಿನ ಬೋಲ್ಟು. ಅಂದರೆ ದಪ್ಪದ ಐದೂವರೆ ಪಟ್ಟು. ಕಟ್ಟಿಗೆಯ ನಾರೆಲ್ಲ ಒಂದೇ ದಿಕ್ಕಿಗೆ ಓಡುವುದರಿಂದ ಅದು ನಾರಿನಗುಂಟ ಬಲು ಬೇಗ ಸೀಳುತ್ತದೆ. ಅದಕ್ಕೆ ಫೈಬರಿಗಿಂತ ಹೆಚ್ಚು ಜಾಗ ಬೇಕು. ವಿಮಾನದ ರೆಕ್ಕೆಯ ಪದರಗಳಲ್ಲಿ ಕೆಲವನ್ನು ಉದ್ದಕ್ಕೆ, ಕೆಲವನ್ನು ಅಡ್ಡಕ್ಕೆ, ಕೆಲವನ್ನು 45 ಡಿಗ್ರಿ ಓರೆಯಾಗಿ ಹಾಸುವುದಕ್ಕೆ ಒಂದು ಕಾರಣ ಈ ಸೀಳನ್ನು ತಡೆಯುವುದೇ. ಓರೆ ಪದರಗಳು ಬೋಲ್ಟಿನ ಮುಂದಿನ ತುಂಡನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುತ್ತವೆ.

ಕಟ್ಟಿಗೆಯೂ ಒಂದು ಕಾಂಪೋಸಿಟ್ಟೇ. ಸೆಲ್ಯುಲೋಸಿನ ನಾರು, ಅದನ್ನು ಬಂಧಿಸುವ ಲಿಗ್ನಿನ್. ಗಾಜು ಮತ್ತು ರಾಳದ ಸಂಬಂಧವೇ ಇಲ್ಲಿಯೂ. ಹಾಗಾಗಿ ದೇವದುರ್ಗದ ಬಡಿಗರ ಬಳಿ ಇರುವ ತಿಳಿವಳಿಕೆ ಫೈಬರ್ ಬಿಗಿಯುವ ಹುಡುಗನಿಗೆ ನೇರವಾಗಿ ಬೇಕಾದದ್ದು. ಫೈಬರನ್ನು ಕಬ್ಬಿಣದ ತಮ್ಮನೆಂದು ಬಗೆದು ಕೆಡಿಸುತ್ತಿದ್ದೇವೆ. ಅದು ಕಟ್ಟಿಗೆಯ ಕುಲದ್ದು. ನನಗೆ ಈ ಮಾತು ದಿನೇದಿನೇ ಹೆಚ್ಚು ನಿಜವೆನಿಸುತ್ತಿದೆ.

ಹಿರಿಯರ ಕೈ ಬೋಲ್ಟಿಗೆ ಬಂತು. ತೂತಿಗೆ ಬೋಲ್ಟನ್ನು ಸುತ್ತಿಗೆಯಿಂದ ಬಡಿದು ಇಳಿಸಲಿಲ್ಲ. ಅಂಗೈಯಿಂದ ಒತ್ತಿದರೆ ಹೋಗುವಷ್ಟು, ಹೋದ ಮೇಲೆ ಅಲುಗಾಡದಷ್ಟು. ಬಡಿದು ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಅವರು ಬಾಯಿಂದ ಉತ್ತರ ಕೊಡದೆ ಸೌದೆ ರಾಶಿಯಿಂದ ಒಂದು ತುಂಡು ತೆಗೆದು ತೋರಿಸಿದರು. ತೂತಿನ ಎರಡೂ ಕಡೆ ಉದ್ದಕ್ಕೆ ಬಿರುಕು. ಫೈಬರಿನಲ್ಲಿ ಅದೇ ಹೊಡೆತಕ್ಕೆ ಬೋಲ್ಟು ಹೊರಬರುವ ಕಡೆಯ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಹೊರಗೆ ಬಣ್ಣವಿರುವುದರಿಂದ ಅದು ಕಾಣುವುದೂ ಇಲ್ಲ.

ಆಮೇಲೆ ಅವರು ಎತ್ತಿಕೊಂಡದ್ದು ಚೌಕದ ಕಬ್ಬಿಣದ ಬಿಲ್ಲೆ, ಅಂಗೈಯ ಅರ್ಧದಷ್ಟು. ಬೋಲ್ಟಿನ ಜೊತೆ ಬಂದ ಸಣ್ಣ ವಾಷರನ್ನು ಪಕ್ಕಕ್ಕಿಟ್ಟರು. ಬಿಲ್ಲೆ ಕೂರಿಸಿ ಪಾನಾ ತಿರುವಿದರು. ಬಿಲ್ಲೆಯ ಅಂಚು ಕಟ್ಟಿಗೆಯಲ್ಲಿ ಉಗುರಿನ ಗೆರೆಯಷ್ಟು ಅಚ್ಚೊತ್ತಿದ್ದೇ ಕೈ ನಿಲ್ಲಿಸಿದರು. "ಇಷ್ಟ ಸಾಕು. ಉಗಾದಿ ಆದ ಮ್ಯಾಲ ಕಟಗಿ ಒಣಗತದ, ಆಗ ಮತ್ತೊಮ್ಮಿ ಅರ್ಧ ಸುತ್ತು."

ಈ ಮೂರು ಕೆಲಸಗಳಿಗೂ, ಕೈಯಿಂದ ಒತ್ತಿದರೆ ಹೋಗುವ ತೂತು, ಅಗಲದ ಬಿಲ್ಲೆ, ನಿಂತು ಮತ್ತೆ ತಿರುವುವ ಬಿಗಿ, ಲೆಕ್ಕವುಂಟು.

ಬಿಗಿಯ ಲೆಕ್ಕ ಮೊದಲು. ಎಂಟು ಮಿಲಿಮೀಟರಿನ ಬೋಲ್ಟಿಗೆ ಹದಿಮೂರ ನಂಬರಿನ ಪಾನಾ. ಅದರ ತುದಿಯನ್ನು, ನಟ್ಟಿನಿಂದ 16 ಸೆಂಟಿಮೀಟರ್ ದೂರದಲ್ಲಿ, ಐದು ಕಿಲೋ ತೂಕದಷ್ಟು ಬಲದಿಂದ ಒತ್ತಿದರೆ ನಟ್ಟಿನ ಮೇಲೆ ಸುಮಾರು 8 ನ್ಯೂಟನ್ ಮೀಟರಿನಷ್ಟು ತಿರುಚು ಬೀಳುತ್ತದೆ. ಇದರಲ್ಲಿ ಹೆಚ್ಚು ಪಾಲು, ಸುಮಾರು ಹತ್ತರಲ್ಲಿ ಒಂಬತ್ತು, ನಟ್ಟಿನ ಮುಖದ ಮತ್ತು ಮರೆಯ (ಥ್ರೆಡ್ಡಿನ) ಘರ್ಷಣೆಗೇ ಹೋಗುತ್ತದೆ. ಉಳಿದದ್ದು ಬೋಲ್ಟನ್ನು ಜಗ್ಗಿ ಎರಡು ಹಾಳೆಗಳನ್ನು ಒತ್ತುತ್ತದೆ. ಆ ಒತ್ತು 5,000 ನ್ಯೂಟನ್, ಅರ್ಧ ಟನ್ನಿನಷ್ಟು ತೂಕ! ಐದು ಕಿಲೋ ಒತ್ತಿದ ಕೈಗೆ ಅರ್ಧ ಟನ್ ಸಿಕ್ಕಿತು. ಮರೆಗೆ ಎಣ್ಣೆ ಸವರಿದ್ದರೆ ಘರ್ಷಣೆ ಇಳಿದು ಅದೇ ಕೈಗೆ 6,500 ನ್ಯೂಟನ್ ದಾಟುತ್ತದೆ. ಇದೇ ಎಂಟರ ಬೋಲ್ಟಿಗೆ ಆ ಹುಡುಗನಂತೆ ಪಾನಾಕ್ಕೆ ಪೈಪು ಸಿಕ್ಕಿಸಿದ ಕೈಗೆ ಐದು ಪಟ್ಟು ತಿರುಚು ಸಿಕ್ಕಿತೆನ್ನಿ, ಒತ್ತು 25,000 ನ್ಯೂಟನ್ ಆಗುತ್ತದೆ. ಆ ಅಳತೆಯ ಒಳ್ಳೆಯ ಉಕ್ಕಿನ ಬೋಲ್ಟಿಗೂ ಅದು ಮಿತಿ ಮೀರಿದ್ದು. ರಾಳದ ಪಾಡು ಕೇಳುವುದೇ ಬೇಡ.

ಈ ಒತ್ತು ಎಷ್ಟು ಜಾಗದ ಮೇಲೆ ಕೂರುತ್ತದೆ ಎಂಬುದು ಎರಡನೆಯ ಲೆಕ್ಕ. ಒಂಬತ್ತು ಮಿಲಿಮೀಟರಿನ ತೂತಿನ ಮೇಲೆ ಬರೀ ನಟ್ಟು ಕೂತರೆ 5,000 ನ್ಯೂಟನ್ನಿಗೆ ಪ್ರತಿ ಚದರ ಮಿಲಿಮೀಟರಿನ ಮೇಲೆ ನೂರು ನ್ಯೂಟನ್. ಸಾಮಾನ್ಯ 16 ಮಿಲಿಮೀಟರಿನ ವಾಷರ್ ಇಟ್ಟರೆ 36. ಅಗಲದ 24 ಮಿಲಿಮೀಟರಿನ ವಾಷರ್ ಇಟ್ಟರೆ 13. ಬೋಲ್ಟು ಅದೇ, ಬಿಗಿ ಅದೇ, ಫೈಬರಿನ ಮೇಲಿನ ಹೊರೆ ಎಂಟನೆಯ ಒಂದು ಪಾಲಿಗೆ ಹತ್ತಿರ. ವಾಷರನ್ನು ನಾವು ನಟ್ಟಿನ ಜೊತೆ ಪುಕ್ಕಟೆ ಬರುವ ಸಾಮಾನೆಂದು ತಿಳಿದಿದ್ದೇವೆ. ಫೈಬರಿನ ಕೆಲಸದಲ್ಲಿ ಬೋಲ್ಟಿಗಿಂತ ಮೊದಲು ಆರಿಸಬೇಕಾದದ್ದು ಅದನ್ನು.

ಹಾಗಾದರೆ ಹಗುರಕ್ಕೆ ಬಿಗಿದು ಬಿಟ್ಟರಾಗದೆ? ಆಗುವುದಿಲ್ಲ. ಬಿಗಿ ಎರಡು ದೊಡ್ಡ ಉಪಕಾರ ಮಾಡುತ್ತದೆ. 5,000 ನ್ಯೂಟನ್ನಿನಿಂದ ಒತ್ತಿಕೊಂಡ ಎರಡು ಮೈಗಳ ನಡುವೆ ಘರ್ಷಣೆಯ ಪಾಲು ಐದರಲ್ಲೊಂದು ಎಂದು ಹಿಡಿದರೂ, 1,000 ನ್ಯೂಟನ್ ಜಗ್ಗುವವರೆಗೆ ಹಾಳೆ ಜಾರುವುದೇ ಇಲ್ಲ; ಬೋಲ್ಟಿನ ಮೈ ತೂತಿನ ಅಂಚನ್ನು ಮುಟ್ಟುವುದೂ ಇಲ್ಲ. ನೂರು ಕಿಲೋ ತೂಕದಷ್ಟು ಹೊಡೆತವನ್ನು ಘರ್ಷಣೆಯೇ ನುಂಗಿತು. ಎರಡನೆಯದು ಇನ್ನೂ ಸೂಕ್ಷ್ಮ. ಹೊಡೆತ ಜಾಸ್ತಿಯಾಗಿ ಬೋಲ್ಟು ಅಂಚಿಗೆ ಒರಗಿತೆನ್ನಿ. ಆಗ ನುರಿಯುವ ಪದರಗಳು ಮೇಲಕ್ಕೂ ಕೆಳಕ್ಕೂ ಉಬ್ಬಿ ಅರಳಲು ನೋಡುತ್ತವೆ. ವಾಷರು ಎರಡೂ ಕಡೆಯಿಂದ ಒತ್ತಿ ಹಿಡಿದಿದ್ದರೆ ಅರಳಲು ಜಾಗವಿಲ್ಲ. ಎಳೆಗಳು ನೆಟ್ಟಗೆ ನಿಂತು ಹೊರುತ್ತವೆ. ಬರೀ ಗೂಟ ತೂರಿಸಿದ ಜೋಡಣೆಗಿಂತ, ಬೆರಳಿಂದ ತಿರುವಿ ಬಿಟ್ಟ ಜೋಡಣೆಗಿಂತ, ಹದವಾಗಿ ಬಿಗಿದ ಜೋಡಣೆ ತೂತಿನಂಚಿನಲ್ಲಿ ಎಷ್ಟೋ ಹೆಚ್ಚು ಭಾರ ತಾಳುತ್ತದೆ ಎಂಬುದು 1970ರ ದಶಕದಿಂದಲೂ ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಸಡಿಲವೂ ಕೆಡಿಸುತ್ತದೆ, ಅತಿ ಬಿಗಿಯೂ ಕೆಡಿಸುತ್ತದೆ. ನಡುವಿನ ಹದಕ್ಕೆ ಅಗಲದ ವಾಷರು ಜಾಗ ಮಾಡಿಕೊಡುತ್ತದೆ.

ರಾಯಚೂರು ಪೇಟೆಗೆ ಬಂದರೆ ತೀನ್ ಕಂದೀಲಿನ ಕಡೆಯ ಬಜಾರಿನಲ್ಲಿ ಗಿರಾಕಿಗಳ ನೂಕು. ಭತ್ತ, ಹತ್ತಿ, ತೊಗರಿ ಮಾರಿ ಕೈಯಲ್ಲಿ ದುಡ್ಡಿರುವ ಕಾಲಕ್ಕೆ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಖಾಲಿ ಇರುವುದಿಲ್ಲ. ಗೋಣಿಚೀಲದಲ್ಲಿ ನಟ್ಟು, ಡಬ್ಬಿಯಲ್ಲಿ ವಾಷರು. ತಕ್ಕಡಿಗೆ ಸುರಿದು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. "ಭಾಯ್, ಎಂಟರ ಬೋಲ್ಟಿಗೆ ದೊಡ್ಡ ವಾಷರ್ ಐತೇನು?" ಎಂದರೆ ಒಳಗಿನಿಂದ ಹುಡುಗನೊಬ್ಬ ಧೂಳು ಕೊಡವಿ ಡಬ್ಬಿ ತರುತ್ತಾನೆ. ಕೇಳುವವರು ಕಡಿಮೆ ಎಂದು ಆ ಧೂಳೇ ಹೇಳುತ್ತದೆ.

ಅಲ್ಲಿಂದ ಕೋಟೆ ದೂರವಿಲ್ಲ. ಅದರ ಗೋಡೆಯಲ್ಲೊಂದು 41 ಅಡಿ ಮೀರಿದ ಒಂಟಿ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಆ ಬಂಡೆಯನ್ನು ಬಂಡಿಯ ಮೇಲಿಟ್ಟು ಕೋಣಗಳ ಉದ್ದ ಸಾಲು ಎಳೆಯುತ್ತಿರುವ, ಹಿಂದಿನಿಂದ ಆಳುಗಳು ಗಾಲಿಗೆ ಮರದ ಸನ್ನೆ ಕೊಟ್ಟು ನೂಕುತ್ತಿರುವ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ನಟ್ಟುಬೋಲ್ಟು ಇಲ್ಲದ ಕಾಲ. ಅಷ್ಟು ಭಾರವನ್ನು ಹೊತ್ತ ಕಟ್ಟಿಗೆಯ ಸಂದುಗಳನ್ನು ಕೂರಿಸಿದವರ ಹೆಸರು ಶಾಸನದಲ್ಲಿಲ್ಲ. ಅವರ ಕಸುಬು ಉಳಿದದ್ದು ಗಾಲಿಯಲ್ಲಿ.

ಕಟ್ಟಿಗೆ ಗಾಲಿಗೆ ಹಳಿ ಏರಿಸುವುದನ್ನು ನೋಡಿದವರಿಗೆ ಬಿಗಿ ಎಂದರೇನೆಂದು ಬೇರೆ ಹೇಳಬೇಕಿಲ್ಲ. ಟೈರಿನ ಬಂಡಿಗಳೇ ಹೆಚ್ಚಾದ ಮೇಲೆ ಈ ಕೆಲಸ ಅಪರೂಪ. ದೇವದುರ್ಗ ಸೀಮೆಯ ಹಳ್ಳಿಗಳಲ್ಲಿ ಕಾರಹುಣ್ಣಿಮೆಗೋ ಎಳ್ಳಮಾವಾಸ್ಯೆಗೋ ಹಳೆಯ ಬಂಡಿಯನ್ನೇ ಹೂಡಬೇಕೆಂಬ ಹಟದವರು ಈಗಲೂ ಮಾಡಿಸುತ್ತಾರೆ. ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ಬೇಕೆಂದೇ ತುಸು ಕಿರಿದು ಮಾಡುತ್ತಾರೆ. ನೆಲದ ಮೇಲೆ ಮಲಗಿಸಿದ ಹಳಿಯ ಸುತ್ತ ಕುಳ್ಳು ಪೇರಿಸಿ ಬೆಂಕಿ ಹಚ್ಚುತ್ತಾರೆ. ಒಂದೂವರೆ ಮೀಟರ್ ಅಡ್ಡಗಲದ ಗಾಲಿಯೆಂದರೆ ಹಳಿಯ ಉದ್ದ 4.7 ಮೀಟರ್, 400 ಡಿಗ್ರಿ ಕಾದರೆ ಅದು ಸುಮಾರು 22 ಮಿಲಿಮೀಟರ್ ಬೆಳೆಯುತ್ತದೆ. ಹಳಿ ಕೆಂಪಗಾಗುವ ಮೊದಲೇ ಮೂವರು ಇಕ್ಕಳ ಹಿಡಿದು ಎತ್ತಿ ಗಾಲಿಗೆ ಇಳಿಸುತ್ತಾರೆ. ಕಟ್ಟಿಗೆ ಹೊಗೆಯಾಡುತ್ತದೆ, ಒಂದೆರಡು ಕಡೆ ಉರಿಯೇಳುತ್ತದೆ. "ಹೊಯ್ ನೀರು, ಹೊಯ್!" ಕೊಡಗಟ್ಟಲೆ ನೀರು ಬೀಳುತ್ತಿದ್ದಂತೆ ಹಳಿ ಕುಗ್ಗುತ್ತ ಬರುತ್ತದೆ. ಆಗ ಕಿವಿಗೊಡಬೇಕು. ಅರೆಗಳು ಗುಂಬದೊಳಗೆ ಒಂದೊಂದಾಗಿ ಕಿರ್ ಎಂದು ಕೂರುತ್ತವೆ. ಒಂದು ಬೋಲ್ಟೂ ಇಲ್ಲದೆ ಹತ್ತಾರು ತುಂಡು ಕಟ್ಟಿಗೆ ಒಂದು ಗಾಲಿಯಾಯಿತು.

ಕಿರಿದು ಮಾಡುವುದಕ್ಕೂ ಅಳತೆಯುಂಟು. ಅತಿ ಕಿರಿದಾದರೆ ಹಳಿಯ ಒತ್ತಿಗೆ ಅರೆಗಳು ಬಾಗಿ ಗಾಲಿ ಸೊಟ್ಟಗಾಗುತ್ತದೆ. ಸಾಲದಿದ್ದರೆ ಮೊದಲ ಬೇಸಿಗೆಗೇ ಹಳಿ ಕಳಚಿ ದಾರಿಯಲ್ಲಿ ಉರುಳುತ್ತದೆ. ಕಂಬಾರರಿಗೆ ಈ ಅಂತರ ಕಣ್ಣಳತೆಯಲ್ಲೇ ಗೊತ್ತು. ಬೋಲ್ಟಿಗೂ ತೂತಿಗೂ ನಡುವಿನ ಇಂಥದೇ ಅಂತರವನ್ನು ವಿಮಾನ ಕಟ್ಟುವವರು ಮೈಕ್ರಾನುಗಳಲ್ಲಿ ಬರೆದಿಡುತ್ತಾರೆ. ಮೂರನೆಯ ಲೆಕ್ಕ ಅದು.

ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದಲ್ಲಿ ಮೆಕಾರ್ಥಿ ಮತ್ತವರ ಜೊತೆಗಾರರು 2002ರ ಸುಮಾರಿಗೆ ಪ್ರಕಟಿಸಿದ ಪ್ರಯೋಗಗಳಲ್ಲಿ ಎಂಟು ಮಿಲಿಮೀಟರಿನ ಬೋಲ್ಟನ್ನು ಇಂಗಾಲದ ಕಾಂಪೋಸಿಟ್ಟಿಗೆ ಹಾಕಿ ನೋಡಿದರು. ಮೊದಲು ಸಂದೇ ಇಲ್ಲದ ತೂತು, ಆಮೇಲೆ ಸಂದನ್ನು ಹಂತಹಂತವಾಗಿ ಹೆಚ್ಚಿಸುತ್ತ 240 ಮೈಕ್ರಾನಿನವರೆಗೆ. ಅದು ಮಿಲಿಮೀಟರಿನ ಕಾಲು ಭಾಗವೂ ಅಲ್ಲ. ಅಷ್ಟಕ್ಕೇ ಜೋಡಣೆಯ ಬಿರುಸು ಇಳಿಯಿತು, ಬೋಲ್ಟು ತೂತಿನೊಳಗೆ ಹೆಚ್ಚು ವಾಲಿತು. ಕಾರಣ ಸರಳ: ತೂತು ದೊಡ್ಡದಾದಷ್ಟೂ ಬೋಲ್ಟು ಅಂಚನ್ನು ಮುಟ್ಟುವ ಜಾಗ ಕಿರಿದಾಗುತ್ತದೆ, ಭಾರವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ. ಮಾನ್ವಿಯ ಟಾಪಿಗೆ ಎಂಟರ ಬೋಲ್ಟಿಗೆ ಹತ್ತರ ತೂತು ಕೊರೆದಿದ್ದರು. ಸಂದು ಎರಡು ಮಿಲಿಮೀಟರ್, ಅಂದರೆ ಲಿಮರಿಕ್ಕಿನ ಅತಿ ಸಡಿಲ ತೂತಿನ ಎಂಟು ಪಟ್ಟು.

ಸಾಲಾಗಿ ಬೋಲ್ಟುಗಳಿದ್ದಾಗ ತೊಂದರೆ ಇನ್ನೊಂದು ಬಗೆಯದು. ಆರು ತೂತುಗಳಲ್ಲಿ ಐದು ಸಡಿಲ, ಒಂದು ಮಾತ್ರ ಸರಿಯಾಗಿದ್ದರೆ ಮೊದಲ ಹೊಡೆತ ತಿನ್ನುವುದು ಆ ಸರಿಯಾದ ಒಂದೇ. ಕಬ್ಬಿಣದಲ್ಲಾದರೆ ಅದು ಬಾಗಿ ಉಳಿದವನ್ನು ಕೆಲಸಕ್ಕೆ ಕರೆಯುತ್ತಿತ್ತು. ಇಲ್ಲಿ ಕರೆಯುವ ಮೊದಲೇ ಅದರ ಅಂಚು ಹೋಗಿರುತ್ತದೆ. ಆಮೇಲೆ ಸರದಿ ಎರಡನೆಯದರದು. ಮೆಕ್‌ಡೊನೆಲ್ ಡಗ್ಲಾಸ್ ಕಂಪನಿಯ ಹಾರ್ಟ್‌ಸ್ಮಿತ್ 1970ರ ದಶಕದಲ್ಲಿ ನಾಸಾಗಾಗಿ ಇಂಗಾಲದ ಕಾಂಪೋಸಿಟ್ಟಿನ ಬೋಲ್ಟು ಜೋಡಣೆಗಳನ್ನು ಕೂಲಂಕಷವಾಗಿ ಪರೀಕ್ಷಿಸಿ ಬರೆದದ್ದರ ತಿರುಳು ಇಂಥದೇ: ಲೋಹದ ಲೆಕ್ಕವನ್ನು ಎಳೆಯ ಮೇಲೆ ಹೇರಬಾರದು.

ನಮ್ಮ ರಾಜ್ಯದಲ್ಲೇ ಇದನ್ನು ಅರಿತು ಕೆಲಸ ಮಾಡಿದವರಿದ್ದಾರೆ. 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಮೊದಲ ಸಲ ಏರಿದ ಹಗುರ ಯುದ್ಧವಿಮಾನದ, ಇಂದಿನ ತೇಜಸ್‌ನ, ಹೊರಮೈಯ ಬಹುಪಾಲು ಇಂಗಾಲದ ಕಾಂಪೋಸಿಟ್. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದವರು ಅದರ ಬಾಲದ ಲಂಬ ರೆಕ್ಕೆಯಂಥ ಭಾಗಗಳನ್ನು ಮಾಡುವಾಗ ಒಳಗಣ ಪಟ್ಟಿಗಳನ್ನೂ ಹೊರಗಣ ಹಾಳೆಯನ್ನೂ ಒಟ್ಟಿಗೇ ಬೇಯಿಸಿ ಒಂದಾಗಿಸುವ ವಿಧಾನ ಬೆಳೆಸಿದರು. ತೂತೇ ಕಡಿಮೆಯಾದರೆ ತೂತಿನ ತಾಪತ್ರಯವೂ ಕಡಿಮೆ. ಆದರೂ ಕಳಚಿ ಜೋಡಿಸಬೇಕಾದ ಕಡೆ ಬೋಲ್ಟು ಬಿಟ್ಟು ಗತಿಯಿಲ್ಲ. ಅಲ್ಲಿ ಟೈಟಾನಿಯಂ ಬಳಸುವುದುಂಟು, ಏಕೆಂದರೆ ಇಂಗಾಲದ ಎಳೆಗೆ ತಾಗಿದ ಅಲ್ಯೂಮಿನಿಯಂ ತೇವದಲ್ಲಿ ಬೇಗ ತಿಂದುಹೋಗುತ್ತದೆ. ಜಗತ್ತಿನ ದೊಡ್ಡ ಕಾರ್ಖಾನೆಗಳಿಗೂ ಈ ಕೆಲಸ ಸುಲಭವಲ್ಲ. ತೂಕದಲ್ಲಿ ಅರ್ಧದಷ್ಟು ಕಾಂಪೋಸಿಟ್ ಆಗಿರುವ ಬೋಯಿಂಗ್ 787ರ ಪರೀಕ್ಷಾ ವಿಮಾನಗಳಲ್ಲಿ ಕೆಲವು ಬೋಲ್ಟುಗಳು ಸರಿಯಾಗಿ ಕೂತಿಲ್ಲವೆಂದು 2008ರ ನವೆಂಬರಿನಲ್ಲಿ ಗೊತ್ತಾಗಿ, ಅವನ್ನು ತೆಗೆದು ಮತ್ತೆ ಹಾಕಬೇಕಾಯಿತು. ಆ ವಿಮಾನ ಮೊದಲು ಹಾರಿದ್ದು 2009ರ ಡಿಸೆಂಬರ್ 15ರಂದು.

ವಿಮಾನದ ಪ್ರತಿ ಬೋಲ್ಟಿಗೂ ಇಷ್ಟೇ ತಿರುಚು ಎಂದು ಬರೆದಿಟ್ಟು, ಅಷ್ಟಕ್ಕೆ ತಾನೇ ಸೂಚನೆ ಕೊಡುವ ಟಾರ್ಕ್ ಪಾನಾದಲ್ಲಿ ತಿರುವುತ್ತಾರೆ. ಮಾನ್ವಿಯ ಅಂಗಡಿಗೆ ಆ ಪಾನಾ ಬರಲಿ ಎನ್ನುವುದು ದೂರದ ಆಸೆಯಿರಬಹುದು. ಗಿಡ್ಡ ಪಾನಾ ಹಿಡಿದು, ಪೈಪು ಬಿಟ್ಟು, ಮಣಿಕಟ್ಟಿನ ಬಲಕ್ಕೆ ನಿಲ್ಲಿಸುವುದು ದೂರದ್ದಲ್ಲ. ತೂತು ಕೊರೆಯುವಾಗ ಹಾಳೆಯ ಹಿಂದೆ ಒಂದು ಹಲಗೆ ತುಂಡು ಒತ್ತಿ ಹಿಡಿದರೆ ಡ್ರಿಲ್ಲಿನ ತುದಿ ಹೊರಬರುವ ಕಡೆ ಪದರ ಏಳುವುದಿಲ್ಲ. ಹರಿತವಾದ ಡ್ರಿಲ್ ಬಿಟ್, ಹಗುರ ಒತ್ತು. ಕೆಟ್ಟ ತೂತಿಗೆ ದೊಡ್ಡ ಬೋಲ್ಟು ಮದ್ದಲ್ಲ. ಅದು ಅಂಚಿನ ದೂರವನ್ನು ಇನ್ನಷ್ಟು ತಿನ್ನುತ್ತದೆ. ಹಳೆಯ ತೂತಿನ ಸುತ್ತ ಉಜ್ಜಿ, ಚಾಪೆ ಮತ್ತು ರಾಳ ತುಂಬಿ, ಒಣಗಿದ ಮೇಲೆ ಒಳಗಡೆಗೆ ಸರಿದು ಹೊಸ ತೂತು ಕೊರೆಯಬೇಕು. ಐಟಿಐಗಳಲ್ಲಿ ಫಿಟ್ಟರ್ ಕಲಿಯುವ ಹುಡುಗರ ಕೈಗೆ ಕಬ್ಬಿಣದ ಪಟ್ಟಿಯ ಜೊತೆ ಒಂದು ಫೈಬರ್ ಹಾಳೆಯನ್ನೂ ಕೊಟ್ಟು, ಮುರಿಯುವವರೆಗೆ ಬಿಗಿಯಲು ಬಿಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಕರ್ರ್ ಸದ್ದಿನ ಅರ್ಥ ಒಮ್ಮೆ ತಿಳಿದ ಕೈ ಜನ್ಮಪೂರ್ತಿ ಮರೆಯುವುದಿಲ್ಲ.

ಹದವಾಗಿ ಬಿಗಿದದ್ದೂ ಹಾಗೇ ನಿಲ್ಲುವುದಿಲ್ಲ. ವಾಷರಿನ ಕೆಳಗೆ ಒತ್ತಿಕೊಂಡ ರಾಳ ಕಾಲಕಳೆದಂತೆ ಸ್ವಲ್ಪ ಸ್ವಲ್ಪವೇ ತಗ್ಗುತ್ತದೆ, ಬೋಲ್ಟಿನ ಜಗ್ಗು ಇಳಿಯುತ್ತದೆ. ಮೊದಲ ಕೆಲವು ದಿನಗಳಲ್ಲಿ ಹೆಚ್ಚು, ಆಮೇಲೆ ನಿಧಾನ. ಬಿಸಿ ಮತ್ತು ತೇವ ಎರಡೂ ಇದನ್ನು ಚುರುಕು ಮಾಡುತ್ತವೆ. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಕಾದ ಫೈಬರ್ ಟಾಪನ್ನು ಅಂಗೈಯಿಂದ ಮುಟ್ಟಲಾಗದು; ಮುಂಗಾರು ಬಂದರೆ ಅದೇ ತೂತಿನೊಳಗೆ ನೀರು. ಹಾಗಾಗಿ ಒಮ್ಮೆ ಬಿಗಿದು ಮರೆಯುವ ಕೆಲಸ ಇದಲ್ಲ. ಉಗಾದಿಯ ಆಚೆ ಅರ್ಧ ಸುತ್ತು ಎಂದ ದೇವದುರ್ಗದ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ.

ಕೃಷ್ಣೆಯ ದಂಡೆಯಲ್ಲಿ ಇದನ್ನು ಅರಿತವರು ಸಿಗುತ್ತಾರೆ. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ 2019ರ ಆಗಸ್ಟಿನಲ್ಲಿ ಮುಳುಗಿದಂತೆ ನೆರೆ ಬಂದಾಗಲೆಲ್ಲ ಈ ಭಾಗದವರಿಗೆ ದೋಣಿಯ ಬೆಲೆ ತಿಳಿಯುತ್ತದೆ. ರಾಯಚೂರಿನ ಬಳಿಯ ನಡುಗಡ್ಡೆಗಳ ಜನಕ್ಕಂತೂ ಹೊಳೆ ದಾಟುವುದು ನಿತ್ಯದ ಬದುಕು. ಬಿದಿರಿನ ಹರಿಗೋಲಿನ ಪಕ್ಕದಲ್ಲಿ ಈಗ ಫೈಬರ್ ದೋಣಿ. ದಂಡೆಗೆ ಎಳೆದಿಟ್ಟ ಅಂಥದೊಂದು ದೋಣಿಯ ಹಿಂಬದಿಯ ಹಲಗೆಗೆ ಎಂಜಿನ್ ಕೂರಿಸುವ ಕೆಲಸ ನಡೆದಿತ್ತು. ಆ ಹಲಗೆಯ ಒಳಗೆ ಪ್ಲೈವುಡ್, ಎರಡೂ ಮೈಗೆ ಫೈಬರಿನ ಹೊದಿಕೆ. ಅತಿಯಾಗಿ ಬಿಗಿದರೆ ಹೊದಿಕೆ ಒಳಕ್ಕೆ ಕುಸಿದು ಬಿರುಕು ಬಿಡುತ್ತದೆ. ಬಿರುಕಿನಿಂದ ನೀರಿಳಿದರೆ ಪ್ಲೈವುಡ್ ಕೊಳೆತು ಬೋಲ್ಟಿಗೆ ಹಿಡಿತವೇ ಇರುವುದಿಲ್ಲ. ದೋಣಿಯವರು ತೂತಿನ ಒಳಮೈಗೆ ಕಡ್ಡಿಯಿಂದ ರಾಳ ಸವರುತ್ತಿದ್ದರು, ಹಸಿ ಪ್ಲೈವುಡ್ಡಿನ ಅಂಚು ಒಂದಿಷ್ಟೂ ಕಾಣದಂತೆ. ಪಕ್ಕದಲ್ಲಿ ಎರಡು ದಪ್ಪ ಅಲ್ಯೂಮಿನಿಯಂ ಪಟ್ಟಿ, ಹಲಗೆಯ ಒಳಗೊಂದು ಹೊರಗೊಂದು ಇಡಲು.

"ಅಣ್ಣಾ, ಇನ್ನೊಂಚೂರು ಗಟ್ಟಿ ಮಾಡ್ಲೇನು? ಎಂಜಿನ್ ಭಾಳ ಅದರತೈತಿ" ಎಂದ ಜೊತೆಗಿದ್ದ ಹುಡುಗ, ಪಾನಾ ಕೈಯಲ್ಲಿ ಹಿಡಿದೇ.

"ಬ್ಯಾಡಲೇ, ಒಳಗ ಕಟಗಿ ಐತಿ. ನಾಳಿ ಹೊಳಿಗಿ ಒಂದು ಸುತ್ತು ಹೋಗಿ ಬಂದು ನೋಡೋಣು. ಸಡ್ಲಾಗಿದ್ರ ಆವಾಗ ಕಾಲು ಸುತ್ತು ತಿರುವು."